ದಿನಬಳಕೆಯ ಕಾರು

ಅರವತ್ತೊಂದು ವರ್ಷ ಕಾರಿಲ್ಲದೆ ಬದುಕಿದವನು ಅರವತ್ತೆರಡನೆಯ ವಯಸ್ಸಿಗೆ ಕಾರು ಕೊಳ್ಳಲು ಹೊರಟರೆ ಊರೆಲ್ಲ ಗುರುವಾಗುತ್ತದೆ. ಬೆಳಗಾವಿಯ ತಿಳಕವಾಡಿಯಲ್ಲಿರುವ ನಮ್ಮ ಓಣಿಯಲ್ಲಿ ನನಗೆ ಬುದ್ಧಿ ಹೇಳದೆ ಉಳಿದಿದ್ದವನು ಹಾಲು ಹಾಕುವ ಹುಡುಗನೊಬ್ಬನೇ. ಅವನೂ ಒಂದು ಮುಂಜಾನೆ, ‘ಬಿಳೇದು ತಗೋಬ್ಯಾಡ್ರಿ ಕಾಕಾ, ಖಾನಾಪುರದ ಕೆಮ್ಮಣ್ಣ ಹತ್ತಿದ್ರ ಹೋಗಂಗಿಲ್ಲ’ ಎಂದು ಹೇಳಿಯೇ ಹೋದ.

ನನಗೆ ಕಾರು ಬೇಕಾದದ್ದು ಅವ್ವನಿಗಾಗಿ. ಬ್ಯಾಂಕಿನ ನೌಕರಿಯಲ್ಲಿ ಇದ್ದಷ್ಟು ದಿನ ನನಗೆ ಸ್ಕೂಟರು ಸಾಕಾಗಿತ್ತು, ಸ್ಕೂಟರು ಸಾಲದ ಕಡೆಗೆ ಕೆಂಪು ಬಸ್ಸು ಇತ್ತು. ಅವ್ವನಿಗೆ ಈಗ ಎಂಬತ್ತಾರು. ಖಾನಾಪುರದ ಹಂಚಿನ ಮನೆ ಬಿಟ್ಟು ಬರಲೊಲ್ಲಳು. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಬೆಳಗಾವಿಗೆ ಡಯಾಲಿಸಿಸ್‌ಗೆ ಬರಬೇಕಾಯಿತು. ಬಸ್ಸಿಗೇನೂ ಕೊರತೆಯಿಲ್ಲ, 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೀಟೂ ಇಲ್ಲ. ಆದರೆ ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದ ಮುದುಕಿಗೆ ಬಸ್ಸಿನ ಮೊದಲ ಮೆಟ್ಟಿಲೇ ಯಲ್ಲಮ್ಮನ ಗುಡ್ಡವಾಗುತ್ತದೆ.

ಲೆಕ್ಕ ಮಾಡುವುದು ನನ್ನ ಹಳೆಯ ಚಟ. ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೋಮೀಟರು. ಮುಂಜಾನೆ ಹೋಗಿ ಅವ್ವನನ್ನು ಕರೆತರಬೇಕು, ಸಂಜೆ ಬಿಟ್ಟು ಬರಬೇಕು. ದಿನಕ್ಕೆ 104, ವಾರಕ್ಕೆ 208. ಲೀಟರಿಗೆ 18 ಕೊಟ್ಟರೂ ವಾರಕ್ಕೆ ಸುಮಾರು 12 ಲೀಟರು ಪೆಟ್ರೋಲು. ಈ ಲೆಕ್ಕ ಹಿಡಿದು ಉದ್ಯಮಬಾಗದ ಕಡೆ ಗ್ಯಾರೇಜು ಇಟ್ಟುಕೊಂಡಿರುವ ಪರಿಚಯದ ಮೇಸ್ತ್ರಿಯ ಬಳಿ ಹೋದೆ. ಅವನು ಸ್ಪಾನರ್ ಕೆಳಗಿಟ್ಟು ಹೇಳಿದ, ‘ಸಾಹೇಬ್ರ, ಜನ ವರ್ಷದಾಗ ನಾಕ ದಿನ ಹೋಗೂ ಊರಿಗೆ ಗಾಡಿ ತಗೋತಾರ. ಉಳಿದ ದಿನಾ ಅದನ್ನ ಓಣ್ಯಾಗ ಹೊಳ್ಳಸಾಕ ಬಡದಾಡ್ತಾರ. ನಿಮ್ಮದು ದಿನದ್ದೋ, ನಾಕ ದಿನದ್ದೋ, ಮೊದಲ ಅದನ್ನ ಹೇಳ್ರಿ.’

ನಾನು ಓದಿದ ಅನೇಕ ತತ್ತ್ವವಿಚಾರದ ಪುಸ್ತಕಗಳಿಗಿಂತ ಈ ಮಾತು ನೇರವಾಗಿತ್ತು. ನಮ್ಮ ನೆರೆಯವರು ಧರ್ಮಸ್ಥಳಕ್ಕೆ ಏಳು ಜನ ಕೂಡಿ ಹೋಗಬೇಕೆಂದು ಏಳು ಸೀಟಿನ ಗಾಡಿ ತಂದರು. ಧರ್ಮಸ್ಥಳ ಒಮ್ಮೆ ಆಯಿತು. ಈಗ ಅದರಲ್ಲಿ ಅವರೊಬ್ಬರೇ ಖಡೇಬಜಾರಿಗೆ ಹೋಗುತ್ತಾರೆ. ಗಾಡಿ ನಿಲ್ಲಿಸಲು ಜಾಗ ಸಿಗದೆ ಹೋದ ಹಾಗೆಯೇ ತಿರುಗಿ ಬರುತ್ತಾರೆ. ನಗಲು ನನಗೂ ಅಧಿಕಾರವಿಲ್ಲ. ಮಗಳ ಮದುವೆಗೆಂದು ಕೊಂಡ ಐವತ್ತು ತಾಟು ನಮ್ಮ ಅಟ್ಟದ ಮೇಲಿವೆ.

ಬರೀ ದಿನಬಳಕೆಯ ವಸ್ತುವನ್ನು ಕೊಳ್ಳಲು ನಮಗೆ ಒಂದು ಬಗೆಯ ನಾಚಿಕೆಯಿದೆ. ಮಳೆಯಲ್ಲಿ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮಕ್ಕಳು ಹೋಗುವುದನ್ನು ಕಂಡು ತಮಗೆ ನ್ಯಾನೋದ ವಿಚಾರ ಹೊಳೆಯಿತೆಂದು ರತನ್ ಟಾಟಾ ಹೇಳಿದ್ದರು. 2009ರಲ್ಲಿ ಆ ಕಾರು ಒಂದು ಲಕ್ಷದ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ಬಂತು, 2018ರಲ್ಲಿ ತಯಾರಿಕೆಯೂ ನಿಂತಿತು. ಅದನ್ನು ಎಲ್ಲಕ್ಕಿಂತ ಅಗ್ಗದ ಕಾರು ಎಂದು ಸಾರಿದ್ದೇ ತಪ್ಪಾಯಿತೆಂದು ಮುಂದೆ ಅವರೇ ಒಪ್ಪಿಕೊಂಡರು. ಒದ್ದೆಯಾದರೂ ಚಿಂತೆಯಿಲ್ಲ, ‘ಅಗ್ಗದ ಕಾರಿನವರು’ ಅನ್ನಿಸಿಕೊಳ್ಳಬಾರದು! 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದೂ ಸಣ್ಣ ಕಾರೇ. ಆದರೆ ಆಗ ಕಾರೆಂಬುದೇ ದೊಡ್ಡ ಮಾತಾಗಿತ್ತು.

ಬೆಂಗಳೂರಿನಲ್ಲಿರುವ ಮಗನ ವಾದ ಮಾತ್ರ ಇಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ‘ಅಪ್ಪಾ, ಅಜ್ಜಿ ಕೂಡೂ ಗಾಡಿ ಅದು. ಭಾರದ್ದ ತಗೋ, ಎತ್ತರದ್ದ ತಗೋ. ಯಾರರೆ ಬಂದು ಗುದ್ದಿದ್ರ ನೀವು ಉಳೀಬೇಕು.’ ಅವನು ಹೇಳಿದ್ದು ನಿಜ. ಹಗುರ ಗಾಡಿಗೂ ಭಾರದ ಗಾಡಿಗೂ ಡಿಕ್ಕಿಯಾದರೆ ಪೆಟ್ಟು ಹೆಚ್ಚು ತಿನ್ನುವವರು ಹಗುರ ಗಾಡಿಯವರು. ಆದರೆ ಆ ಮಾತನ್ನು ಮಗುಚಿ ನೋಡಿದರೆ ಅದರ ಅರ್ಥವೇನು? ಗುದ್ದಿದಾಗ ಸಾಯುವ ಪಾಳಿ ಇನ್ನೊಬ್ಬನದಾಗಲಿ ಎಂದಲ್ಲವೇ? ಪೀರನವಾಡಿ, ಮಚ್ಛೆ ದಾಟುವ ತನಕ ಆ ರಸ್ತೆಯಲ್ಲಿ ಸೈಕಲ್ಲುಗಳುಂಟು, ಪಾಳಿ ಮುಗಿಸಿ ನಡೆದು ಬರುವ ಕೆಲಸಗಾರರುಂಟು, ದನಗಳುಂಟು. 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಎತ್ತರದ ಗಾಡಿಯ ಮೂತಿ ನಡೆಯುವವನ ಕಾಲಿಗೆ ಬಡಿಯುವುದಿಲ್ಲ, ಎದೆಗೆ ಬಡಿಯುತ್ತದೆ. ಮಗುವಾದರೆ ತಲೆಗೆ.

ಹಾಗೆಂದು ನಾನು ಹೊರಗಿನವರ ಮೇಲಿನ ದಯೆಯಿಂದ ಸಣ್ಣ ಕಾರು ಕೊಂಡೆ ಎಂದರೆ ಅದು ಸುಳ್ಳಾದೀತು. ನಿಜವಾಗಿ ತೀರ್ಮಾನಿಸಿದ್ದು ಒಂದು ದಾರ. ಖಾನಾಪುರದ ಮನೆಯ ಕಟ್ಟೆಯ ಮೇಲೆ ಅವ್ವ ಯಾರ ಕೈಯನ್ನೂ ಹಿಡಿಯದೆ ಕೂಡುತ್ತಾಳೆ, ಏಳುತ್ತಾಳೆ. ಆ ಕಟ್ಟೆಯ ಎತ್ತರವನ್ನು ದಾರದಲ್ಲಿ ಅಳೆದು, ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಅಂಗಡಿ ಅಂಗಡಿ ತಿರುಗಿದೆ. ಟೈ ಕಟ್ಟಿಕೊಂಡ ಹುಡುಗರು ಪರದೆ, ಕ್ಯಾಮೆರಾ, ಬಾಗಿಲು ತೆರೆಯುವ ಗುಂಡಿ ತೋರಿಸುವಾಗ ನಾನು ಮೊಣಕಾಲೂರಿ ಸೀಟಿನ ಎತ್ತರ ಅಳೆಯುತ್ತಿದ್ದೆ. ಭಾರದ ಗಾಡಿಗಳಿಗೆ ಅವ್ವ ಹತ್ತಬೇಕು, ತಗ್ಗಿನವಕ್ಕೆ ಇಳಿಯಬೇಕು. ನನಗೆ ಬೇಕಾದದ್ದು ಸುಮ್ಮನೆ ಹೊರಳಿ ಕೂಡುವಂಥದ್ದು. ಗಂಟಿಗೆ ಸರಿಯಾಗಿ ಕೂತದ್ದು ವ್ಯಾಗನ್ ಆರ್. 1999ರಿಂದ ನಮ್ಮ ದೇಶದಲ್ಲಿ ಓಡುತ್ತಿರುವ, ನೋಡಲು ಬಿಸ್ಕೀಟಿನ ಡಬ್ಬಿಯಂಥ ಕಾರು. ಹಿಂದಿನ ಡಿಕ್ಕಿ 341 ಲೀಟರಿನದು. ಅವ್ವನ ವಾಕರು, ಹಾಸಿಗೆಯ ಗಂಟು, ನೀರಿನ ಕ್ಯಾನು ಎಲ್ಲ ಹಿಡಿಯುತ್ತವೆ.

ಮಗ ಕೂಡಲೇ ಒಂದು ಕಾಗದ ಕಳಿಸಿದ. ಗ್ಲೋಬಲ್ ಎನ್‌ಕ್ಯಾಪ್ 2023ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ಕಾರಿಗೆ ದೊಡ್ಡವರ ರಕ್ಷಣೆಗಾಗಿ ಸಿಕ್ಕಿದ್ದು ಐದರಲ್ಲಿ ಒಂದೇ ನಕ್ಷತ್ರ. ಐದು ನಕ್ಷತ್ರದ ಕಾರು ನನ್ನ ದಾರಕ್ಕಿಂತ ನಾಲ್ಕು ಬೆರಳು ಎತ್ತರವಿತ್ತು. ವಾರಕ್ಕೆ ನಾಲ್ಕು ಸಲ, ವರ್ಷಕ್ಕೆ ಇನ್ನೂರು ಸಲ ಆ ನಾಲ್ಕು ಬೆರಳಿನ ನೋವು ಖಂಡಿತ. ಅಪಘಾತ ಆದರೆ ಆದೀತು, ಇಲ್ಲದಿದ್ದರೆ ಇಲ್ಲ. ಖಂಡಿತವಾದ ಸಣ್ಣ ನೋವನ್ನು ತಪ್ಪಿಸಲು ಆಗಬಹುದಾದ ದೊಡ್ಡ ಅನಾಹುತಕ್ಕೆ ಅವ್ವನನ್ನು ಒಡ್ಡುವ ಹಕ್ಕು ನನಗಿದೆಯೇ? ಅವಳನ್ನೇ ಕೇಳಿದೆ. ‘ನೀ ಸಾವಕಾಶ ಹೊಡಿ’ ಎಂದಳು. ಅರವತ್ತು ದಾಟಿಸುವುದಿಲ್ಲ. ಮಗನಿಗೆ ಇಂದಿಗೂ ಸಮಾಧಾನವಿಲ್ಲ, ಅವನದು ತಪ್ಪೆಂದು ನಾನು ಹೇಳಲಾರೆ.

2024ರ ಮಾರ್ಚಿನಲ್ಲಿ ಕಾರು ಮನೆಗೆ ಬಂತು. ಪ್ರಶ್ನೆ ಮುಗಿಯಿತೆಂದುಕೊಂಡಿದ್ದೆ, ಆದರೆ ನನ್ನ ವಾರದ ನಾಲ್ಕು ನೂರು ಮೈಲಿಯಲ್ಲದ ಆ 208 ಕಿಲೋಮೀಟರಿನಲ್ಲಿ ಅರ್ಧ ಹಾದಿ ನಾನೊಬ್ಬನೇ ಇರುತ್ತೇನೆ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ನಾಲ್ಕು ಸೀಟು ಖಾಲಿ. ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ನಿಂತವರ ಚಿಂತೆ ಕಂಡಕ್ಟರನದು. ಸ್ವಂತ ಕಾರಿನಲ್ಲಿ ಅದು ನಮ್ಮ ಪಾಲಿಗೆ ಬರುತ್ತದೆ.

ಜುಲೈ ತಿಂಗಳು. ಖಾನಾಪುರದ ಮಳೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಅವ್ವನನ್ನು ಬಿಟ್ಟು ತಿರುಗಿ ಬರುವಾಗ ಗಣೇಬೈಲಿನ ಈಚೆ ಎಮ್ಮೆಗಳು ಅಡ್ಡ ಬಂದವೆಂದು ನಿಲ್ಲಿಸಿದೆ. ತಲೆಗೆ ಗೊಬ್ಬರದ ಚೀಲ ಹೊದ್ದ ಮುದುಕಿಯೊಬ್ಬಳು, ಜೊತೆಗೊಂದು ಹುಡುಗಿ, ಕಾಜಿನ ಹತ್ತಿರ ಬಂದು ‘ಜಾಗಾ ಆಹೆ ಕಾ, ಸಾಹೇಬ?’ ಎಂದರು. ಜಾಗ ಇರುವುದು ಅವರಿಗೂ ಕಾಣುತ್ತಿತ್ತು. ನಾನು, ‘ದೂರ ಹೋಗೋದಿಲ್ಲ, ಇಲ್ಲೇ ದೇಸೂರ ತನಕ’ ಎಂದೆ. ಮುದುಕಿಯ ಮುಖ ಅರಳಿತು. ‘ಆಮ್ಹಾಲಾ ಪಣ ದೇಸೂರಲಾಚ ಜಾಯ್ಚಂ ಆಹೆ.’ ಅವರಿಗೂ ದೇಸೂರೇ.

ಎಮ್ಮೆಗಳು ದಾಟಿದ್ದವು. ಏನೋ ಗೊಣಗಿ ಗೇರು ಹಾಕಿದೆ.

ಮುಂದಿನ ಗುರುವಾರ ಇದನ್ನು ಅವ್ವನಿಗೆ ಹೇಳಿದೆ. ಅವಳು ಬೈದಿದ್ದರೆ ಹಗುರಾಗುತ್ತಿದ್ದೆ. ‘ಬಿಡು, ಈಗಿನ ಕಾಲದಾಗ ಯಾರ ಹ್ಯಾಂಗೋ ನಿನಗೇನ ಗೊತ್ತು’ ಎಂದು ನನ್ನ ಪರವಾಗಿಯೇ ಮಾತಾಡಿದಳು. ಕಳ್ಳರು, ಪೊಲೀಸರು, ವಿಮೆಯ ತಕರಾರು, ಇವೆಲ್ಲ ತಳ್ಳಿಹಾಕುವ ಮಾತಲ್ಲ. ಆದರೆ ಆ ಸಂಜೆ ನನ್ನ ತಲೆಯಲ್ಲಿ ಅವ್ಯಾವುವೂ ಇರಲಿಲ್ಲ. ಸೀಟಿನ ಮೇಲೆ ಅಂಗಡಿಯವರು ಹಾಕಿದ್ದ ಪ್ಲಾಸ್ಟಿಕ್ ಹಾಳೆಯನ್ನು ನಾನಿನ್ನೂ ತೆಗೆದಿರಲಿಲ್ಲ. ಅದರ ಮೇಲೆ ಕೂತು ಎಷ್ಟು ನೀರು ಸುರಿಸಿದರೂ ಸೀಟಿಗೆ ಏನೂ ಆಗುತ್ತಿರಲಿಲ್ಲ.

ಈಗ ಹಾಳೆ ತೆಗೆದಿದ್ದೇನೆ. ಅವ್ವ ಒಳಗಿದ್ದಾಗ ಯಾರನ್ನೂ ಹತ್ತಿಸುವುದಿಲ್ಲ. ಅವಳಿಗೆ ಸೋಂಕು ತಗಲಬಾರದೆಂದು ಡಾಕ್ಟರರ ತಾಕೀತು. ಒಬ್ಬನೇ ಇದ್ದಾಗ ಮುದುಕರಿಗೆ, ಕೂಸು ಎತ್ತಿಕೊಂಡವರಿಗೆ ನಿಲ್ಲಿಸುತ್ತೇನೆ. ಗಟ್ಟಿಮುಟ್ಟಾದ ಹುಡುಗರು ಕೈ ಮಾಡಿದರೆ ಮುಂದೆ ಹೋಗುತ್ತೇನೆ. ಅವರಲ್ಲೊಬ್ಬ ಉದ್ಯಮಬಾಗದ ರಾತ್ರಿಪಾಳಿಗೆ ತಡವಾದವನಿರಬಹುದು. ಒಂದು ದಿನದ ಪಗಾರ ನನ್ನ ಅನುಮಾನಕ್ಕೆ ಹೋಗಿರಬಹುದು. ಈ ಲೆಕ್ಕ ಇನ್ನೂ ತಾಳೆಯಾಗಿಲ್ಲ.

ಆ ಇಬ್ಬರನ್ನು ಮತ್ತೆ ಕಂಡಿಲ್ಲ. ದೇಸೂರಿನ ನಿಲ್ದಾಣದಲ್ಲಿ ಹುಡುಕುತ್ತೇನೆ, ಆದರೆ ಗೊಬ್ಬರದ ಚೀಲವಿಲ್ಲದೆ ಆ ಮುಖ ನನಗೆ ಗುರುತು ಸಿಕ್ಕೀತೋ ಇಲ್ಲವೋ. ಕಳೆದ ಸೋಮವಾರ ಗಣೇಬೈಲಿನಲ್ಲಿ ಹತ್ತಿದ ಹೆಂಗಸಿನ ಚೀಲದಲ್ಲಿ ಒದ್ದೆ ಮೀನಿತ್ತು. ಗುರುವಾರದವರೆಗೆ ಕಿಟಕಿ ತೆರೆದಿಟ್ಟರೂ ವಾಸನೆ ಹೋಗಲಿಲ್ಲ. ಅವ್ವ ಹೊರಳಿ ಕೂತವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ‘ಯಾರನ್ನ ಕೂಡಿಸಿಕೊಂಡಿದ್ದಿಯೋ ಇದರಾಗ?’ ಎಂದು ಕೇಳಿದಳು.