ಪ್ರಶ್ನೆಗೆ ವಯಸ್ಸಿನ ಬೇಲಿ

1305ರಲ್ಲಿ ಬಾರ್ಸಿಲೋನಾದ ಯಹೂದಿ ಸಮುದಾಯ ಒಂದು ಕಟ್ಟಪ್ಪಣೆ ಹೊರಡಿಸಿತು. 25 ವರ್ಷ ತುಂಬದವರು ಗ್ರೀಕರ ಪ್ರಕೃತಿವಿಜ್ಞಾನ ಮತ್ತು ತತ್ತ್ವಶಾಸ್ತ್ರದ ಗ್ರಂಥಗಳನ್ನು ಓದಕೂಡದು, ಓದಿದವರಿಗೆ ಬಹಿಷ್ಕಾರ. ವೈದ್ಯಶಾಸ್ತ್ರಕ್ಕೆ ಮಾತ್ರ ವಿನಾಯಿತಿ. ಅಪ್ಪಣೆಯ ಹಿಂದಿದ್ದವರು ಆ ಕಾಲದ ದೊಡ್ಡ ಧರ್ಮಪಂಡಿತ ಸೊಲೊಮನ್ ಇಬ್ನ್ ಅದ್ರೆತ್.

ಇದನ್ನು ಬರೀ ಮತಾಂಧತೆ ಎಂದು ತಳ್ಳಿಹಾಕಿದರೆ ಅವರಿಗೆ ಅನ್ಯಾಯವಾಗುತ್ತದೆ. ಅಬ್ರಹಾಮ ಮತ್ತು ಸಾರಾ ಬದುಕಿ ಬಾಳಿದ ದಂಪತಿಗಳಲ್ಲ, ಅರಿಸ್ಟಾಟಲ್ ಹೇಳುವ ರೂಪ ಮತ್ತು ದ್ರವ್ಯಗಳ ಸಂಕೇತಗಳು ಎಂದು ಕೆಲವರು ಬೋಧಿಸುತ್ತಿದ್ದಾರೆಂಬ ದೂರು ದಕ್ಷಿಣ ಫ್ರಾನ್ಸಿನಿಂದ ಅವರಿಗೆ ತಲುಪಿತ್ತು. ಪೂರ್ವಜರೇ ಸಂಕೇತಗಳಾದರೆ, ನಾಳೆ ಶಬ್ಬತ್ ದಿನದ ವಿಶ್ರಾಂತಿಯೂ ಆಹಾರದ ನಿಯಮಗಳೂ ಸಂಕೇತವಾಗಿಯಷ್ಟೇ ಉಳಿಯುವುದಿಲ್ಲವೆ? ಆಚರಣೆಯಿಂದಲೇ ಒಗ್ಗೂಡಿ ಉಳಿದಿದ್ದ, ಪರರ ಆಳ್ವಿಕೆಯಲ್ಲಿ ಬದುಕುತ್ತಿದ್ದ ಜನಕ್ಕೆ ಇದು ಸಣ್ಣ ಭಯವಲ್ಲ.

ಆದರೆ ಆ ವಿಚಾರವಂತರೆಲ್ಲ ಗುರುವೆಂದು ನೆನೆಯುತ್ತಿದ್ದ ಮೈಮೊನಿಡೀಸ್ ಈ ಸಮಸ್ಯೆಯನ್ನು ಮೊದಲೇ ಎದುರಿಸಿದ್ದರು. 14 ಭಾಗಗಳ ಧರ್ಮಸಂಹಿತೆ ‘ಮಿಶ್ನೆ ತೋರಾ’ದಲ್ಲಿ ಅವರು ತೋರಾ, ಅಂದರೆ ಯಹೂದಿ ಧರ್ಮಬೋಧೆಯ, ಅಧ್ಯಯನದ ಹೊತ್ತನ್ನು ಮೂರು ಪಾಲು ಮಾಡುತ್ತಾರೆ: ಲಿಖಿತ ಶ್ರುತಿಗೆ ಒಂದು, ಮೌಖಿಕ ಪರಂಪರೆಗೆ ಒಂದು, ತರ್ಕಿಸಿ ಹೋಲಿಸಿ ಅರ್ಥ ಹೊರಡಿಸುವ ತಾಲ್ಮುದಿಗೆ ಮತ್ತೊಂದು. ದೇವರ ಸ್ವರೂಪ, ವಿಶ್ವದ ರಚನೆ ಕುರಿತ ಚಿಂತನೆಯನ್ನು ಅವರು ಈ ಮೂರನೆಯ ಪಾಲಿನೊಳಗೇ ಸೇರಿಸಿದರು. ನನ್ನ ಮಟ್ಟಿಗೆ ಅವರ ಅತ್ಯಂತ ದಿಟ್ಟ ಹೆಜ್ಜೆ ಇದು. ತತ್ತ್ವಶಾಸ್ತ್ರ ಹೊರಗಿನಿಂದ ಬಂದ ಅತಿಥಿಯಲ್ಲ, ತೋರಾ ಓದುವುದರದೇ ಒಂದು ಭಾಗ.

ಕ್ರಮ ಬೇಡವೆಂದು ಅವರೂ ಹೇಳಲಿಲ್ಲ. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ನಿತ್ಯದ ಧರ್ಮಜ್ಞಾನದಿಂದ ಹೊಟ್ಟೆ ತುಂಬಿದ ಮೇಲೆಯೇ ಆ ಚಿಂತನೆ ಎಂದರು. ಅವರ ಅರ್ಥೈಸುವಿಕೆಗೂ ಕಡಿವಾಣವಿತ್ತು. ದೇವರ ಕೈ, ದೇವರ ಕಣ್ಣು ಎಂಬ ಮಾತುಗಳನ್ನು ರೂಪಕವೆಂದೇ ಓದಿದರು, ಏಕೆಂದರೆ ದೇವರಿಗೆ ದೇಹವಿಲ್ಲವೆಂಬುದು ಅವರ ಪ್ರಕಾರ ತರ್ಕದಿಂದ ಸಿದ್ಧವಾಗಿತ್ತು. ಲೋಕ ಅನಾದಿ ಎಂಬ ಅರಿಸ್ಟಾಟಲನ ಮತಕ್ಕೆ ಮಾತ್ರ ಸೃಷ್ಟಿಯ ವಚನಗಳನ್ನು ಬಗ್ಗಿಸಲಿಲ್ಲ. ಆ ಮತ ಸಿದ್ಧವಾಗಿಲ್ಲ, ಒಪ್ಪಿದರೆ ಧರ್ಮದ ಬುಡವೇ ಅಲುಗುತ್ತದೆ ಎಂದು ಕಾರಣ ಕೊಟ್ಟರು. ಅದ್ರೆತ್ ಹುಡುಕುತ್ತಿದ್ದ ಮಿತಿ ಇಲ್ಲೇ ಇತ್ತು; ಅದನ್ನು ಇಟ್ಟದ್ದು ವಾದ, ವಯಸ್ಸಲ್ಲ.

ಎರಡರ ವ್ಯತ್ಯಾಸ ದೊಡ್ಡದು. ಸಿದ್ಧತೆಯನ್ನು ಗುರು ಒಬ್ಬೊಬ್ಬ ಶಿಷ್ಯನಲ್ಲಿ ಪರೀಕ್ಷಿಸಿ ನೋಡಬೇಕು. ವಯಸ್ಸಿನ ಲೆಕ್ಕಕ್ಕೆ ಗುರುವೇ ಬೇಕಿಲ್ಲ. ಸುಮಾರು 1190ರಲ್ಲಿ ಮುಗಿದ ‘ಗೊಂದಲಗೊಂಡವರಿಗೆ ಕೈಪಿಡಿ’ಯನ್ನು ಮೈಮೊನಿಡೀಸ್ ಬರೆದದ್ದು ಧರ್ಮವನ್ನೂ ತತ್ತ್ವವನ್ನೂ ಓದಿ, ಎರಡರಲ್ಲಿ ಯಾವುದನ್ನೂ ಬಿಡಲಾರದೆ ನರಳುತ್ತಿದ್ದವನಿಗಾಗಿ. ಅಂಥ ಸಂಶಯ ಇಪ್ಪತ್ತರಲ್ಲೇ ಹುಟ್ಟಿದರೆ ನಿಷೇಧ ಅವನಿಗೆ ಏನು ಹೇಳುತ್ತದೆ? ಇನ್ನೈದು ವರ್ಷ ಒಬ್ಬನೇ ನರಳು ಎನ್ನುತ್ತದೆ. ಪುಸ್ತಕ ಕಿತ್ತುಕೊಂಡ ಮಾತ್ರಕ್ಕೆ ಸಂಶಯ ಹೋಗುವುದಿಲ್ಲ. ಅದಕ್ಕೆ ಜೊತೆ ನಿಲ್ಲಬೇಕಾದ ಗುರು ಮಾತ್ರ ದೂರವಾಗುತ್ತಾನೆ.

ಪೆರ್ಪಿನ್ಯಾನಿನ ಮೆನಾಖೆಮ್ ಮೆಯಿರಿ ಈ ನಿಷೇಧವನ್ನು ವಿರೋಧಿಸಿದರು. ಅವರು ತಾಲ್ಮುದಿನ ಮೇಲೆ ವಿಸ್ತಾರವಾದ ವ್ಯಾಖ್ಯಾನ ಬರೆದ ಸಾಂಪ್ರದಾಯಿಕ ಪಂಡಿತರು. ವಾದ ಇತ್ಯರ್ಥವಾಗುವ ಮೊದಲೇ, 1306ರಲ್ಲಿ, ನಾಲ್ಕನೆಯ ಫಿಲಿಪ್ ದೊರೆ ತನ್ನ ಫ್ರೆಂಚ್ ರಾಜ್ಯದಿಂದ ಯಹೂದಿಗಳನ್ನು ಹೊರಗಟ್ಟಿದ.