ಸವೆಯದ ಕತ್ತಿಗೆ ಕುಂಕುಮ

ಆಯುಧಪೂಜೆಯ ಹಿಂದಿನ ಸಂಜೆ ಪಡಸಾಲೆಯಲ್ಲಿ ಕಂಬಳಿ ಹಾಸಿ ನನ್ನ ಕತ್ತಿಗಳನ್ನೆಲ್ಲ ಸಾಲಾಗಿ ಇಡುತ್ತೇನೆ. ಹೋದ ವರ್ಷ 43 ಇದ್ದವು. ಮಚ್ಚು, ಕುಡುಗೋಲು, ಅಡಕತ್ತರಿ, ಕೊಡಗಿನಿಂದ ತಂದ ಒಂದು ಪೀಚೆಕತ್ತಿ, ಅವ್ವನ ಈಳಿಗೆಮಣೆ. ಮೇಷ್ಟರ ಕೆಲಸದಲ್ಲಿದ್ದಾಗ ರಜೆ ಸಿಕ್ಕರೆ ಸಾಕು, ಅಜ್ಜಂಪುರದ ಸಂತೆ, ಕಡೂರು, ಬೀರೂರು, ತರೀಕೆರೆ, ಬೆಂಗಳೂರಿನ ಜಿಕೆವಿಕೆ ಕೃಷಿಮೇಳ ಅಂತ ಹೊರಟುಬಿಡುತ್ತಿದ್ದೆ. ಕಬ್ಬಿಣದ ಸಾಮಾನು ಹರಡಿದ ಕಡೆ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು.

ನಮ್ಮ ಸಂತೆಗೆ ಬರುವ ಹಿರಿಯ ಕಮ್ಮಾರರೊಬ್ಬರು ಹೋದ ವರ್ಷ ಒಂದು ಮಾತು ಕೇಳಿದರು. "ಮೇಷ್ಟ್ರೇ, ನನ್ನ ಹತ್ರ ಇಷ್ಟೊಂದು ಕುಡುಗೋಲು ಒಯ್ದಿದ್ದೀರಿ. ಒಂದನ್ನಾದ್ರೂ ತಟ್ಟಿಸೋಕೆ ಅಂತ ತಿರುಗಿ ತಂದಿಲ್ಲವಲ್ಲ?"

ಉತ್ತರ ಹೊಳೆಯಲಿಲ್ಲ. ನವಮಿಯ ದಿನ ನೇಗಿಲು, ಟ್ರ್ಯಾಕ್ಟರು, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಇಡುತ್ತೇವೆ, ಅವತ್ತು ಅವುಗಳಿಗೆ ಬಿಡುವು. ವರ್ಷವೆಲ್ಲ ದುಡಿದಿರುವುದರಿಂದಲೇ ಆ ಒಂದು ದಿನದ ಬಿಡುವಿಗೆ ಪೂಜೆಯ ಬೆಲೆ. ವರ್ಷವಿಡೀ ಬಿಡುವಾಗಿಯೇ ಇರುವ ಕತ್ತಿಗೆ ಇಟ್ಟ ಕುಂಕುಮ ಯಾರಿಗೆ ಸಲ್ಲುತ್ತದೆ?

ಮೈಸೂರು ಅರಮನೆಯಲ್ಲಿ ರಾಜಮನೆತನದ ಆಯುಧಗಳನ್ನು ಪಲ್ಲಕ್ಕಿಯಲ್ಲಿ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು, ಶುಚಿಮಾಡಿ ತಂದು ಕಲ್ಯಾಣಮಂಟಪದಲ್ಲಿ ಪೂಜಿಸುತ್ತಾರೆ. ಆ ಖಡ್ಗಗಳು ಈಗ ಯಾವ ಯುದ್ಧಕ್ಕೂ ಹೋಗುವುದಿಲ್ಲ. ಹಾಗಾದರೆ ನನ್ನವೂ ಇರಲಿ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಅಲ್ಲಿನವರಿಗೆ ಆ ಖಡ್ಗ ಹಿಡಿದ ಕೈಗಳ ಹೆಸರು ಗೊತ್ತು. ನನ್ನ ಕಂಬಳಿಯ ಮೇಲಿನ ಎಷ್ಟೋ ಕತ್ತಿಗಳನ್ನು ಯಾರ ಕೈಯೂ ಹಿಡಿದೇ ಇಲ್ಲ.

ಕೊಡಗಿನವರ ಕೈಲ್ ಮುಹೂರ್ತದಲ್ಲಿ ಬೇರೆಯೇ ಒಂದು ತಿಳಿವು ಕಂಡೆ. ಗದ್ದೆಯ ಕೆಲಸದ ತಿಂಗಳುಗಳಲ್ಲಿ ಕೋವಿ, ಕತ್ತಿಗಳನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಾರೆ. ನಾಟಿ ಮುಗಿದು ಸೆಪ್ಟೆಂಬರ್ 3 ಬಂತೆಂದರೆ ಅವನ್ನು ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸಿ ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಮದುವೆಯ ದಿನ ಬಾಳೆಯ ದಿಂಡು ಕಡಿಯುವುದು ಆ ಕತ್ತಿಗಳಲ್ಲೊಂದಾದ ಒಡಿಕತ್ತಿ. ಅಲ್ಲಿ ಪೂಜೆಯಾದ ಕತ್ತಿ ಕೈಗೆ ಮರಳುತ್ತದೆ. ನನ್ನಲ್ಲಿ ಪೂಜೆಯಾದದ್ದು ಪೆಟ್ಟಿಗೆಗೆ ಮರಳುತ್ತಿತ್ತು.

ಹೀಗೆ ಕೂಡಿಟ್ಟ ನಾನೇ ಶಾಲೆಯಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎಷ್ಟು ಸಲ ಹೇಳಿದ್ದೆನೋ! ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ತಂದಲ್ಲಿಗೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದವಳು ಅವಳು. ಮಕ್ಕಳಿಗೆ ಅದನ್ನು ದುರಾಸೆ ಬೇಡವೆಂಬ ಪಾಠವೆಂದು ಹೇಳುತ್ತಿದ್ದೆ. ಈಗ ಅದರಲ್ಲಿ ಅಕ್ಕಿಯ ಸಂಕಟವೂ ಕಾಣುತ್ತದೆ. ಉಣ್ಣುವ ಬಾಯಿಗೆ ಹೋಗಬೇಕಾದ ಅಕ್ಕಿ ಮಡಕೆಯಲ್ಲಿ ಕೂತರೆ ಅದರ ಕಾಯಕವೂ ಕೆಟ್ಟಂತೆ.

ಅವ್ವನ ಈಳಿಗೆಮಣೆಯನ್ನು ಕೈಗೆತ್ತಿಕೊಂಡೆ. ಎರಡು ಬೆರಳಗಲ ಇದ್ದ ಅಲಗು ಮಸೆದು ಮಸೆದು ಒಂದು ಬೆರಳಿಗೆ ಇಳಿದಿದೆ. ಸವೆದ ಆ ಕಬ್ಬಿಣ ಹೋಯಿತಾದರೂ ಎಲ್ಲಿಗೆ? ಅವಳು ಹೆಚ್ಚಿದ ಸೊಪ್ಪು, ಕಾಯಿಪಲ್ಯದ ಜೊತೆ, ಅದನ್ನು ಉಂಡು ಬೆಳೆದ ನಮ್ಮ ಮೈಗೆ. ನಮ್ಮ ಪಕ್ಕದ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಬೆಟ್ಟವೂ ಹಾಗೆ ಸವೆದದ್ದೇ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದ. ಬೆಟ್ಟ ಸವೆದು ಕಬ್ಬಿಣವಾಗುತ್ತದೆ, ಕಬ್ಬಿಣ ಸವೆದು ಅನ್ನವಾಗುತ್ತದೆ. ಸವೆಯುವುದೇ ಕತ್ತಿ ಮಾಡುವ ದಾಸೋಹ. ಕೂಡಿಡುವ ನನ್ನ ಪ್ರೀತಿ ಆ ದಾಸೋಹಕ್ಕೆ ಅಡ್ಡ ನಿಂತಿತ್ತು. ಪ್ರೀತಿ ಸುಳ್ಳಾಗಿರಲಿಲ್ಲ, ಆದರೆ ಅದು ಕತ್ತಿಯ ಹಿತ ಕೇಳಿರಲಿಲ್ಲ.

ರಾಗಿ ಕೊಯ್ಲಿಗೆ ಮೊದಲು 12 ಕುಡುಗೋಲುಗಳನ್ನು ಕುಲುಮೆಗೆ ಒಯ್ದು ತಟ್ಟಿಸಿ, ಕೊಯ್ಲಿಗೆ ಹೋಗುವವರಿಗೆ ಕೊಟ್ಟೆ. ಕೊಡುವಾಗ ಕೈ ಹಿಂದೆಗೆಯಿತು, ನಿಜ. ಕಟ್ಟಿಗೆಯ ಹಿಡಿಗಳನ್ನು ಒಂದೊಂದಾಗಿ ಸವರಿ ಕೊಟ್ಟೆ.

ಸುಗ್ಗಿ ಮುಗಿದ ಮೇಲೆ ಕುಲುಮೆಯ ಮುಂದೆ ಹಾಯುವಾಗ ಅವುಗಳಲ್ಲಿ ಒಂದು ತಿದಿಯ ಪಕ್ಕ ಬಿದ್ದಿತ್ತು. ಹಿಡಿ ನೋಡಿ ಗುರುತು ಹಿಡಿದೆ. ಅಂಚು ಒಂದೆರಡು ಕಡೆ ಮುಕ್ಕಾಗಿತ್ತು, ತಟ್ಟಿಸೋಕೆ ತಿರುಗಿ ಬಂದಿತ್ತು. ಅದಕ್ಕೆ ಕುಂಕುಮವಿರಲಿಲ್ಲ, ರಾಗಿ ತೆನೆಯ ಧೂಳು ಹತ್ತಿತ್ತು. ಕೈ ಮುಗಿದೆ.