ಕೋಳಿ ಕೂಗುವ ಮುಂಚಿನ ಹೂವು

ರಾಗಿಯ ಹೂವನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಹೊಲದ ಬದುವಿನಲ್ಲೇ ಬೆಳೆದವರೂ ತೆನೆ ಕಂಡಿರುತ್ತಾರೆ, ಹೂ ಕಂಡಿರುವುದಿಲ್ಲ. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುಂಚೆ. ಬಣ್ಣವಿಲ್ಲ, ಪರಿಮಳವಿಲ್ಲ, ಜೇನುನೊಣದ ಹಂಗೂ ಇಲ್ಲ. ತನ್ನ ಪರಾಗ ತನಗೇ ಸಾಕೆಂದು ಕೆಲಸ ಮುಗಿಸಿಬಿಡುತ್ತದೆ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಹೆಂಗಸರು ಎದ್ದು ರಾಗಿಕಲ್ಲಿನ ಮುಂದೆ ಕೂತು ಪದ ಎತ್ತುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಹೊಲದಲ್ಲಿ ಮುಂದಿನ ಸುಗ್ಗಿಯ ಕಾಳು ಕಟ್ಟುವುದೂ ಮನೆಯಲ್ಲಿ ಇಂದಿನ ಮುದ್ದೆಗೆ ಹಿಟ್ಟು ಬೀಳುವುದೂ ಒಂದೇ ಜಾವದಲ್ಲಿ! ಇದು ಹೊಳೆದಂದಿನಿಂದ ಆ ಜಾವ ನನ್ನ ಮನಸ್ಸು ಬಿಟ್ಟು ಹೋಗಿಲ್ಲ.

ತಳಿ ಬೆಳೆಸುವವರಿಗೆ ಈ ಹೂವೇ ದೊಡ್ಡ ಒಗಟು. ಅಷ್ಟು ಸಣ್ಣ ಹೂವಿನ ಗಂಡುಭಾಗವನ್ನು ಕೈಯಲ್ಲಿ ಬಿಡಿಸಿ ತೆಗೆಯುವುದೆಂದರೆ ಕಣ್ಣಿಗೂ ಬೆರಳಿಗೂ ಪರೀಕ್ಷೆ. ಅದಕ್ಕೇ ತೆನೆಯನ್ನು ಬಿಸಿನೀರಿನಲ್ಲಿ ಅದ್ದಿ ಪರಾಗದ ಶಕ್ತಿ ಕುಂದಿಸುವ, ಎರಡು ತೆನೆಗಳನ್ನು ಜೊತೆಗೆ ಕಟ್ಟಿಡುವ ಉಪಾಯಗಳು ಹುಟ್ಟಿದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಈ ಒಗಟಿಗೇ ಬದುಕು ಸವೆಸಿದವರು ಡಾ. ಲಕ್ಷ್ಮಣಯ್ಯ, ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಅವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿದರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಕಾಳು ಇಲ್ಲಿಯ ಮಳೆಗೆ, ಕೆಂಪುಮಣ್ಣಿಗೆ ಒಗ್ಗಿ ನಮ್ಮದೇ ಆಗಿತ್ತು. ಅಲ್ಲೇ ಉಳಿದ ದಾಯಾದಿಗಳು ದಪ್ಪ ಕಾಂಡ, ಭಾರದ ತೆನೆ ಬೆಳೆಸಿಕೊಂಡಿದ್ದವು. ಅಷ್ಟು ಕಾಲ ಅಗಲಿದ ಎರಡು ಕುಲಗಳು ಮಂಡ್ಯದ ಒಂದು ಮಡಿಯಲ್ಲಿ ಮತ್ತೆ ಸೇರಿದವು. ಹಾಗೆ ಹುಟ್ಟಿದ್ದು ಇಂಡಾಫ್ ತಳಿಗಳು. ಇಂದು ನಮ್ಮ ರೈತರು ನೆಚ್ಚುವ ಜಿಪಿಯು-28ರಲ್ಲೂ ಇಂಡಾಫ್‌ನ ರಕ್ತವಿದೆ.

ಇಷ್ಟರಿಂದಲೇ ರಾಗಿ ಉಳಿಯಿತೆಂದು ನಾನು ನಂಬಲಾರೆ. ಇಳುವರಿ ಹೊಟ್ಟೆಗೆ ಸಾಕು, ಮರ್ಯಾದೆಗೆ ಸಾಲದು. ಮುದ್ದೆ ಬಡವರ ಊಟವೆಂಬ ಕೀಳುನೋಟ ಬಹು ಹಳೆಯದು. 16ನೇ ಶತಮಾನದಲ್ಲೇ ಕನಕದಾಸರು ಅದಕ್ಕೆ ಎದುರುನಿಂತು ‘ರಾಮಧಾನ್ಯ ಚರಿತ್ರೆ’ ಬರೆದರು. ಶ್ರೀರಾಮನ ಮುಂದೆ ಭತ್ತಕ್ಕೂ ರಾಗಿಗೂ ವಾದ. ಭತ್ತ ಕುಲದ ಹಮ್ಮಿನಲ್ಲಿ ಹೀಯಾಳಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ಕಾವ್ಯದ ನಡುವೆ ಕವಿ ಒಂದು ಪ್ರಯೋಗವನ್ನೇ ಇಟ್ಟರಲ್ಲ! ನೆಲದ ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಬೀಳದೆ ಉಳಿಯುವ ಕಾಳನ್ನು ರೈತರು ಬಲ್ಲರು. ಕವಿ ಆ ಅರಿವನ್ನು ರಾಜಸಭೆಗೆ ತಂದು ನಿಲ್ಲಿಸಿದರು. ಬರಗಾಲದಲ್ಲಿ ಊರು ಕಾಯುವ ಗುಣಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಮೇಳಗಳಾದವು, ರಾಗಿ ಬಿಸ್ಕತ್ತು ಬಂತು. ಒಳ್ಳೆಯದೇ. ಆದರೆ ಮಿಲ್ಲು ಬಂದು ಬೀಸುವ ಕಲ್ಲು ಮೂಲೆಗೆ ಸರಿದ ಮೇಲೆ ಹೊಸ ತಳಿಗಳಿಗೆ ಪದ ಕಟ್ಟಿದವರನ್ನು ನಾನು ಕಂಡಿಲ್ಲ. ಹಿಟ್ಟು ಬೀಸುವ ದಣಿವು ನಮ್ಮ ಹೆಣ್ಣುಮಕ್ಕಳಿಗೆ ಮರಳಿ ಬರುವುದು ಬೇಡವೇ ಬೇಡ, ಹಾಡು ಬರಲಿ. ಕೃಷಿ ವಿಶ್ವವಿದ್ಯಾಲಯದವರು ಮುಂದಿನ ತಳಿಯನ್ನು ರೈತರ ಕೈಗಿಡುವ ದಿನ ಪದ ಬಲ್ಲ ಅಜ್ಜಿಯರನ್ನೂ ಹೊಲಕ್ಕೆ ಕರೆದೊಯ್ಯಲಿ, ಸಾಧ್ಯವಾದರೆ ನಸುಕಿಗೂ ಮುಂಚೆ, ಹೂ ಅರಳುವ ಹೊತ್ತಿಗೆ. ಅವರು ಏನು ಹಾಡುತ್ತಾರೋ ಕೇಳಬೇಕೆಂದು ನನಗೆ ಬಲು ಆಸೆ.